ಮಾಂಟೆಸ್ಸರಿ: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಅಡ್ಮಿಷನ್ ತಿಂಗಳು ಬಂತೆಂದರೆ ನಮ್ಮ ಜಗಲಿಯಲ್ಲಿ ಕೂತು ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎದುರಿಗೆ ಕೂತಾಗ ಹೇಗೆ ಉತ್ತರ ಕೊಡುತ್ತೇನೋ ಹಾಗೇ ಬರೆದಿದ್ದೇನೆ. ಹದಿನಾಲ್ಕು ವರ್ಷ ಮಾಂಟೆಸ್ಸರಿ ಆಂಟಿಯಾಗಿ (ನಮ್ಮಲ್ಲಿ ಟೀಚರಿಗೆ ಆಂಟಿ ಅನ್ನುತ್ತಾರೆ), ಚಿಕ್ಕ ಕುರ್ಚಿಗಳ ಮೇಲೆ ಕೂತೂ ಕೂತೂ ಮಂಡಿನೋವು ತಂದುಕೊಂಡವಳ ಅಭಿಪ್ರಾಯಗಳೂ ನಡುನಡುವೆ ಸೇರಿವೆ. ಅವನ್ನು ಅಭಿಪ್ರಾಯ ಅಂತಲೇ ತಗೊಳ್ಳಿ.

ಮಾಂಟೆಸ್ಸರಿ ಅಂದರೆ ಎಲ್‌ಕೆಜಿ, ಯುಕೆಜಿಗೆ ಇನ್ನೊಂದು ಹೆಸರಾ?

ಅಲ್ಲ. ಎಲ್‌ಕೆಜಿಯಲ್ಲಿ ಟೀಚರ್ ಬೋರ್ಡ್ ಮುಂದೆ ನಿಂತು ಮೂವತ್ತು ಮಕ್ಕಳಿಗೂ ಒಂದೇ ಹೊತ್ತಿಗೆ ಒಂದೇ ಪಾಠ ಹೇಳುತ್ತಾರೆ. ಇಲ್ಲಿ ಮಗು ತಾನೇ ಕಪಾಟಿನ ಹತ್ತಿರ ಹೋಗಿ, ಒಂದು ಕೆಲಸ ಆರಿಸಿಕೊಂಡು, ಮ್ಯಾಟ್ ಹಾಸಿ, ಮಾಡಿ ಮುಗಿಸಿ, ತಂದಲ್ಲೇ ವಾಪಸ್ ಇಡುತ್ತದೆ. ಆಂಟಿ ಒಂದೊಂದೇ ಮಗುವಿನ ಪಕ್ಕ ಕೂತು ಹೊಸ ಕೆಲಸವನ್ನು ನಿಧಾನವಾಗಿ ಮಾಡಿ ತೋರಿಸುತ್ತಾರೆ. ಅದಕ್ಕೆ ನಾವು ಪ್ರೆಸೆಂಟೇಶನ್ ಅನ್ನುತ್ತೇವೆ. ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿರುತ್ತಾರೆ. ನೀವು ಕೇಳಿರುವ ಎಂ-1, ಎಂ-2, ಎಂ-3 ಎಲ್ಲ ಫೀಸ್ ರಸೀದಿಯ ಅನುಕೂಲಕ್ಕೆ ಹುಟ್ಟಿದ ಹೆಸರುಗಳು.

ಈ ಮಾಂಟೆಸ್ಸರಿ ಯಾರು?

ಮರಿಯಾ ಮಾಂಟೆಸ್ಸರಿ ಇಟಲಿಯವರು, 1870ರ ಆಗಸ್ಟ್ 31ರಂದು ಹುಟ್ಟಿದವರು. ಮೊದಲು ಡಾಕ್ಟರು, ಆಮೇಲೆ ಶಿಕ್ಷಕಿ. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಆ ದೇಶದ ಮೊದಮೊದಲ ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು. ಬುದ್ಧಿಮಾಂದ್ಯರು ಅಂತ ಸಮಾಜ ಕೈಬಿಟ್ಟಿದ್ದ ಮಕ್ಕಳ ಜೊತೆ ಕೆಲಸ ಮಾಡುತ್ತ, ಇಟಾರ್ಡ್ ಮತ್ತು ಸೆಗಾಂ ಎಂಬ ಫ್ರೆಂಚ್ ವೈದ್ಯರ ಪ್ರಯೋಗಗಳನ್ನು ಓದಿ, ಮಗುವಿನ ಕೈಗೆ ಸರಿಯಾದ ವಸ್ತು ಸಿಕ್ಕರೆ ತಲೆ ತಾನೇ ಕೆಲಸ ಮಾಡುತ್ತದೆ ಎಂಬುದನ್ನು ಕಂಡುಕೊಂಡರು.

1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮೊದಲ 'ಮಕ್ಕಳ ಮನೆ' ಶುರುವಾಯಿತು. ಅದರ ಹಿಂದಿದ್ದ ಕಾರಣ ದೊಡ್ಡ ಆದರ್ಶವೇನಲ್ಲ. ಅಪ್ಪ-ಅಮ್ಮ ಕೂಲಿಗೆ ಹೋದಮೇಲೆ ಮಕ್ಕಳು ಹೊಸದಾಗಿ ರಿಪೇರಿ ಮಾಡಿಸಿದ್ದ ವಠಾರದ ಗೋಡೆ, ಮೆಟ್ಟಿಲು ಹಾಳು ಮಾಡುತ್ತಿದ್ದರು. ಅವರನ್ನು ಒಂದು ಕಡೆ ಕೂಡಿಹಾಕಿದರೆ ಸಾಕು ಅನ್ನೋದು ಕಟ್ಟಡದ ಮಾಲೀಕರ ಲೆಕ್ಕ. ಅಲ್ಲಿನ ಒಂದು ಸಂಗತಿ ನನಗೆ ತುಂಬ ಇಷ್ಟ. ಮೊದಲು ಪರಿಕರಗಳನ್ನೆಲ್ಲ ಎತ್ತರದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರಂತೆ. ಒಂದು ದಿನ ಶಿಕ್ಷಕಿ ಬೀಗ ಹಾಕಲು ಮರೆತರು, ಮರುದಿನ ಬಂದದ್ದೂ ತಡವಾಗಿ. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ್ದನ್ನು ತಾವೇ ತೆಗೆದುಕೊಂಡು ಕೆಲಸಕ್ಕೆ ಕೂತುಬಿಟ್ಟಿದ್ದಾರೆ. ಶಿಕ್ಷಕಿಗೆ ಇದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸರಿಯವರಿಗೆ ಕಂಡದ್ದು ಮಕ್ಕಳಿಗೆ ಆರಿಸಿಕೊಳ್ಳುವುದು ಗೊತ್ತಿದೆ ಎಂಬುದು. ಇವತ್ತು ನೀವು ನೋಡುವ ಗಿಡ್ಡ, ತೆರೆದ ಕಪಾಟುಗಳು ಅಲ್ಲಿಂದ ಬಂದವು.

ರೋಮ್‌ನದು ನಮ್ಮ ಬೀದಿಗೆ ಹೇಗೆ ಬಂತು?

ಪುಸ್ತಕದ ಮೂಲಕ ಮೊದಲು, ಆಮೇಲೆ ಖುದ್ದಾಗಿ ಅವರೇ ಬಂದರು. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಮಕ್ಕಳ ಹಿಂದೆ ಬಿದ್ದ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದಿದ್ದರು. ಜನ ಅವರನ್ನು 'ಮೀಸೆಯ ತಾಯಿ' ಅನ್ನುತ್ತಿದ್ದರು. 1939ರ ಕೊನೆಗೆ, ಥಿಯಾಸಾಫಿಕಲ್ ಸೊಸೈಟಿ ಎಂಬ ತತ್ತ್ವಚಿಂತಕರ ಸಂಸ್ಥೆಯ ಆಹ್ವಾನದ ಮೇಲೆ ಮಾಂಟೆಸ್ಸರಿ ತಮ್ಮ ಮಗ ಮಾರಿಯೋ ಜೊತೆ ಮದ್ರಾಸಿನ ಅಡ್ಯಾರಿಗೆ ಬಂದಿಳಿದರು. ಆಗ ಅವರಿಗೆ 69 ವರ್ಷ. ಒಂದು ತರಬೇತಿ ಮುಗಿಸಿ ಹೊರಡುವುದು ಅಂತ ಇದ್ದದ್ದು. ಅಷ್ಟರಲ್ಲಿ 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು, ಬ್ರಿಟಿಷ್ ಸರ್ಕಾರದ ಕಣ್ಣಿಗೆ ತಾಯಿ-ಮಗ ಇಬ್ಬರೂ ಶತ್ರುದೇಶದವರಾದರು. ಮಾರಿಯೋನನ್ನು ಸೆರೆಯಲ್ಲಿಟ್ಟರು. ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬದ ದಿನ ಬಿಡುಗಡೆ ಮಾಡಿದರು. ಮದುವೆಯಿಲ್ಲದೆ ಹುಟ್ಟಿದ ಮಗನನ್ನು ಅದುವರೆಗೆ ಜನರೆದುರು ಸೋದರಳಿಯ, ಸಾಕುಮಗ ಎಂದೆಲ್ಲ ಹೇಳಬೇಕಾಗಿ ಬಂದಿದ್ದ ತಾಯಿಗೆ ಅದು ಎಂಥ ಉಡುಗೊರೆಯಾಗಿದ್ದಿರಬೇಕು, ಯೋಚಿಸಿ.

ಯುದ್ಧದ ವರ್ಷಗಳನ್ನು ಅಡ್ಯಾರಿನಲ್ಲೂ ಕೊಡೈಕೆನಾಲಿನಲ್ಲೂ ಕಳೆದರು. ಅಹಮದಾಬಾದ್, ಕರಾಚಿಗಳಲ್ಲೂ ತರಬೇತಿ ನಡೆಸಿದರು. ಅವರ ಕೈಯಲ್ಲಿ ಕಲಿತ ಭಾರತೀಯ ಶಿಕ್ಷಕರು ಸಾವಿರಕ್ಕೂ ಹೆಚ್ಚು. 1949ರಲ್ಲಿ ಯುರೋಪಿಗೆ ವಾಪಸಾದಮೇಲೆ ಅವರ ಶಿಷ್ಯ, ಡಚ್ಚಿನವರಾದ ಎ. ಎಂ. ಯೂಸ್ಟನ್, ಇಲ್ಲೇ ಉಳಿದು ದಶಕಗಳ ಕಾಲ ತರಬೇತಿ ನಡೆಸಿದರು. ನಮ್ಮ ಕಡೆಯ ಹಳೆಯ ಮಾಂಟೆಸ್ಸರಿ ಆಂಟಿಯರನ್ನು ಕೇಳಿನೋಡಿ, ಅವರಿಗೆ ಕಲಿಸಿದವರಿಗೆ ಕಲಿಸಿದವರು ಯಾರು ಅಂತ ಎರಡು ಮೆಟ್ಟಿಲು ಹತ್ತಿದರೆ ಬಹಳ ಸಲ ಅಡ್ಯಾರಿಗೇ ಹೋಗಿ ನಿಲ್ಲುತ್ತದೆ.

ಬೀದಿಗೆರಡು 'ಮಾಂಟೆಸ್ಸರಿ' ಬೋರ್ಡ್ ಇವೆ. ಯಾವುದು ಅಸಲಿ ಅಂತ ಗೊತ್ತಾಗೋದು ಹೇಗೆ?

ಆ ಹೆಸರಿಗೆ ಯಜಮಾನರಿಲ್ಲ. ಅಮೆರಿಕದಲ್ಲಿ ಇದರ ಬಗ್ಗೆ ಜಗಳವಾಗಿ, 1967ರಲ್ಲೇ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿ ಇದು ಎಲ್ಲರೂ ಬಳಸಬಹುದಾದ ಸಾಮಾನ್ಯ ಪದ ಎಂದು ಹೇಳಿಬಿಟ್ಟಿದೆ. ಹಾಗಾಗಿ ಬೋರ್ಡ್ ನೋಡಿ ಪ್ರಯೋಜನವಿಲ್ಲ. ಆಂಟಿಯರ ತರಬೇತಿ ಎಲ್ಲಿ ಆಯಿತು, ಎಷ್ಟು ತಿಂಗಳು, ಮಕ್ಕಳ ಜೊತೆ ಕೂತು ಅಭ್ಯಾಸ ಮಾಡಿದ್ದಾರಾ ಅಂತ ಕೇಳಿ. ಹದಿನೈದು ದಿನದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು ಗೋಡೆಗೆ ಚೆಂದ, ಅಷ್ಟೆ.

ಆದರೆ ಸರ್ಟಿಫಿಕೇಟಿಗಿಂತ ನಾನು ನಂಬುವುದು ಅರ್ಧ ಗಂಟೆ ಸುಮ್ಮನೆ ಕೂತು ನೋಡುವುದನ್ನು. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಹೋಗಿ, ಮೂಲೆಯಲ್ಲಿ ಕೂರಲು ಬಿಡುತ್ತೀರಾ ಅಂತ ಕೇಳಿ. ಬಿಡುವುದಿಲ್ಲ ಅಂದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಬಿಟ್ಟರೆ, ಮಕ್ಕಳನ್ನು ನೋಡುವ ಮೊದಲು ಆಂಟಿಯ ಕೈ ನೋಡಿ. ಮಗು ಗುಂಡಿ ಹಾಕಲು ಒದ್ದಾಡುತ್ತಿರುವಾಗ ಆ ಕೈ ತಟ್ಟನೆ ಮುಂದೆ ಬರುತ್ತದಾ, ಅಥವಾ ಮಡಿಲಲ್ಲೇ ಇರುತ್ತದಾ? ತಪ್ಪಾಗಿ ಜೋಡಿಸುತ್ತಿರುವ ಮಗುವಿನ ಕೈಯಿಂದ ವಸ್ತು ಕಸಿದು 'ಹೀಗಲ್ಲ ಪುಟ್ಟ, ಹೀಗೆ' ಅನ್ನುತ್ತಾರಾ? ನಮ್ಮ ತರಬೇತಿಯಲ್ಲಿ ಅತಿ ಕಷ್ಟದ ಪಾಠ ಅದೇ, ಕೈ ಕಟ್ಟಿಕೊಂಡು ಕೂರುವುದು. ಪರಿಕರಗಳ ಬಳಕೆ ಒಂದು ವರ್ಷದಲ್ಲಿ ಬಂತು. ಕೈ ಕಟ್ಟುವುದು ನನಗೆ ಐದು ವರ್ಷವಾದರೂ ಸರಿಯಾಗಿ ಬಂದಿರಲಿಲ್ಲ.

ಇನ್ನೊಂದು, ಗಂಟೆ ಬಾರಿಸುತ್ತಾರಾ ನೋಡಿ. ನಲವತ್ತು ನಿಮಿಷಕ್ಕೊಮ್ಮೆ 'ಈಗ ಮ್ಯೂಸಿಕ್, ಈಗ ಇಂಗ್ಲಿಷ್' ಅಂತ ಎಬ್ಬಿಸಿದರೆ ಮಾಂಟೆಸ್ಸರಿ ಮುಗಿಯಿತು. ಅಡ್ಡಿಯಿಲ್ಲದ ಮೂರು ಗಂಟೆ ಕೊಡಬೇಕು ಅನ್ನುವುದು ಈ ಪದ್ಧತಿಯ ಬೆನ್ನೆಲುಬು. ನಾನು ಮೊದಲು ಕೆಲಸಕ್ಕೆ ಸೇರಿದ್ದ ಒಂದು ಜಾಗದಲ್ಲಿ ಗುಲಾಬಿ ಗೋಪುರ ಎಂಬ ಮರದ ಘನಗಳ ಪರಿಕರವನ್ನು ಗಾಜಿನ ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದರು. ಅಡ್ಮಿಷನ್ ದಿನ ಮಾತ್ರ ಹೊರಗೆ ಬರುತ್ತಿತ್ತು, ದಸರಾ ಗೊಂಬೆಯ ಹಾಗೆ. ನೂರು ವರ್ಷದ ಹಿಂದೆ ಸಾನ್ ಲೊರೆಂಜೊದಲ್ಲಿ ತೆಗೆದ ಬೀಗವನ್ನು ನಾವು ಮತ್ತೆ ಹಾಕಿದ್ದೆವು. ಆರು ತಿಂಗಳಲ್ಲಿ ಬಿಟ್ಟುಬಂದೆ.

ನಮ್ಮ ಮಗಳು ದಿನವಿಡೀ ನೀರು ಸುರೀತಾಳೆ, ಕಾಳು ಆರಿಸ್ತಾಳೆ. ಇದಕ್ಕಾ ಇಷ್ಟು ಫೀಸು?

ಈ ಪ್ರಶ್ನೆಗೆ ನಾನು ಕಾಯುತ್ತಲೇ ಇರುತ್ತೇನೆ. ಆ ಕೆಲಸಗಳಿಗೆ ನಾವು ಇಪಿಎಲ್ ಅನ್ನುತ್ತೇವೆ, ಅಂದರೆ ದಿನಬಳಕೆಯ ಕೆಲಸಗಳು. ಸುರಿಯುವುದು, ಮಡಿಸುವುದು, ಒರೆಸುವುದು, ಗುಂಡಿ-ಲಾಡಿ-ಝಿಪ್ ಹಾಕುವುದು, ಬಾಗಿಲು ಸದ್ದಿಲ್ಲದೆ ಮುಚ್ಚುವುದು, ಕುರ್ಚಿ ಎಳೆಯದೆ ಎತ್ತಿಡುವುದು.

ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಟ್ರೇಯಲ್ಲಿ ಎರಡು ಪುಟ್ಟ ಜಗ್ಗು, ಎಡಗಡೆಯದರಲ್ಲಿ ನೀರು, ಪಕ್ಕದಲ್ಲಿ ಒಂದು ಬಟ್ಟೆ. ಜಗ್ಗು ಗಾಜಿನದು, ಬಿದ್ದರೆ ಒಡೆಯುವಂಥದ್ದು. ಜೂನ್‌ನಲ್ಲಿ ಸೇರಿದ ಮೂರು ವರ್ಷದ ಒಬ್ಬಳು ಮೊದಲ ದಿನ ಸುರಿದಾಗ ಅರ್ಧ ನೀರು ಟ್ರೇಯಲ್ಲಿ, ಕಾಲುಭಾಗ ಲಂಗದ ಮೇಲೆ. ನಾನು ಏನೂ ಹೇಳಲಿಲ್ಲ. ಅವಳೂ ನನ್ನನ್ನು ನೋಡಲಿಲ್ಲ, ಟ್ರೇ ನೋಡಿದಳು. ಒರೆಸಿದಳು. ಮತ್ತೆ ಸುರಿದಳು. ಮೂರನೇ ವಾರದ ಒಂದು ಬೆಳಿಗ್ಗೆ ಸತತವಾಗಿ ಹತ್ತೊಂಬತ್ತು ಸಲ ಸುರಿದಳು, ನಾನು ಎಣಿಸುತ್ತಿದ್ದೆ. ಕೊನೆಕೊನೆಗೆ ನೀರು ಬೀಳುವ ಸದ್ದೇ ಬದಲಾಗಿತ್ತು. ಕೊನೆಯ ಹನಿ ಜಗ್ಗಿನ ಬಾಯಿಗೆ ಅಂಟಿ ನಿಂತಾಗ ಬಟ್ಟೆಯ ಮೂಲೆಯಿಂದ ಅದನ್ನು ಒತ್ತಿ ತೆಗೆದಳು. ಆಮೇಲೆ ಟ್ರೇಯನ್ನು ಕಪಾಟಿಗೆ ಇಟ್ಟು, ನೀಳವಾಗಿ ಉಸಿರುಬಿಟ್ಟು, ಕಿಟಕಿ ಹತ್ತಿರ ಹೋಗಿ ಅಳಿಲು ನೋಡುತ್ತ ನಿಂತಳು.

ಆ ಹತ್ತೊಂಬತ್ತು ಸಲದಲ್ಲಿ ಏನೇನಿದೆ ನೋಡಿ. ಮಣಿಕಟ್ಟಿನ ಹಿಡಿತ ಇದೆ, ಅದೇ ಮುಂದೆ ಪೆನ್ಸಿಲಿಗೆ ಬೇಕಾಗುವುದು. ಎಡದಿಂದ ಬಲಕ್ಕೆ ಹೋಗುವ ಅಭ್ಯಾಸ ಇದೆ, ಕನ್ನಡ ಓದುವುದೂ ಆ ದಿಕ್ಕಿಗೇ. ಮೊದಲು ಇದು, ಆಮೇಲೆ ಅದು ಎಂಬ ಕ್ರಮ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ವಿಷಯದ ಮೇಲೆ ಇಪ್ಪತ್ತು ನಿಮಿಷ ನಿಂತ ಮನಸ್ಸಿದೆ. ಸಾನ್ ಲೊರೆಂಜೊದಲ್ಲೂ ಮೂರು ವರ್ಷದ ಹುಡುಗಿಯೊಬ್ಬಳು ಸಿಲಿಂಡರುಗಳನ್ನು ಗುಳಿಗಳಿಗೆ ಕೂರಿಸುತ್ತ ನಲವತ್ತಕ್ಕೂ ಹೆಚ್ಚು ಸಲ ಅದನ್ನೇ ಮಾಡಿದಳಂತೆ. ಪಕ್ಕದಲ್ಲಿ ಹಾಡು ಹಾಡಿಸಿದರೂ, ಕುರ್ಚಿ ಸಮೇತ ಅವಳನ್ನು ಎತ್ತಿ ಮೇಜಿನ ಮೇಲಿಟ್ಟರೂ ನಿಲ್ಲಿಸಲಿಲ್ಲ. ಮೂರು ವರ್ಷದ ಮಕ್ಕಳಿಗೆ ಗಮನ ನಿಲ್ಲೋದಿಲ್ಲ ಅನ್ನುವವರಿಗೆ ನಾನು ಹೇಳುವುದು ಇಷ್ಟೆ, ನಿಲ್ಲುವಷ್ಟು ಹೊತ್ತು ನಾವು ಬಿಡುವುದಿಲ್ಲ.

ಫೀಸು ಜಾಸ್ತಿ ಅನ್ನುವುದು ಬೇರೆ ವಿಷಯ. ಅದರಲ್ಲಿ ನಿಮ್ಮ ಪಕ್ಷವೇ ನಾನು.

ಆ ಮರದ ಸಾಮಾನುಗಳಲ್ಲಿ ಅಂಥದ್ದೇನಿದೆ?

ಒಂದೊಂದು ಸಾಮಾನೂ ಒಂದೇ ಗುಣವನ್ನು ಕೈಗೆ ಕೊಡುತ್ತದೆ. ಗುಲಾಬಿ ಗೋಪುರದಲ್ಲಿ ಹತ್ತು ಘನಗಳು, ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಎಲ್ಲಕ್ಕೂ ಒಂದೇ ಬಣ್ಣ, ಒಂದೇ ನುಣುಪು. ಬದಲಾಗುವುದು ಗಾತ್ರ ಮಾತ್ರ. ಬಣ್ಣಬಣ್ಣದ್ದಾಗಿದ್ದರೆ ಮಗು ಬಣ್ಣ ನೋಡುತ್ತಿತ್ತು. ಕೆಂಪು ಕೋಲುಗಳು ಹತ್ತು, ಹತ್ತು ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ, ಅಲ್ಲಿ ಬದಲಾಗುವುದು ಉದ್ದ. ಕಂದು ಮೆಟ್ಟಿಲಿನಲ್ಲಿ ದಪ್ಪ. ಹೀಗೆಯೇ ಒರಟು-ನುಣುಪು, ಭಾರ-ಹಗುರ, ಸದ್ದು, ವಾಸನೆ, ಬಣ್ಣದ ಛಾಯೆ ಎಲ್ಲಕ್ಕೂ ಒಂದೊಂದಿದೆ.

ತಪ್ಪಾದರೆ ಸಾಮಾನೇ ಹೇಳಿಬಿಡುತ್ತದೆ. ಸಿಲಿಂಡರ್ ಬ್ಲಾಕಿನಲ್ಲಿ ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಗೆ ಒಂದು ಸಿಲಿಂಡರ್ ಕೈಯಲ್ಲೇ ಉಳಿಯುತ್ತದೆ. 'ತಪ್ಪು' ಅನ್ನಲು ದೊಡ್ಡವರ ಅಗತ್ಯವಿಲ್ಲ, ಅವಮಾನವೂ ಇಲ್ಲ.

ಹೆಸರು ಆಮೇಲೆ ಬರುತ್ತದೆ, ಮೂರು ಹಂತದಲ್ಲಿ. 'ಇದು ದೊಡ್ಡದು, ಇದು ಚಿಕ್ಕದು.' ಸ್ವಲ್ಪ ಆಡಿದಮೇಲೆ 'ದೊಡ್ಡದು ಎಲ್ಲಿ, ನನ್ನ ಕೈಗೆ ಕೊಡು.' ಕೊನೆಗೆ 'ಇದೇನು?' ಎರಡನೇ ಹಂತದಲ್ಲಿ ತಡವರಿಸಿದರೆ ಮೂರಕ್ಕೆ ಹೋಗುವುದಿಲ್ಲ, ನಗುತ್ತ ಎತ್ತಿಟ್ಟು ಇನ್ನೊಂದು ದಿನ ಮಾಡುತ್ತೇವೆ. ನೆಂಟರ ಮುಂದೆ ಮಗುವನ್ನು ನಿಲ್ಲಿಸಿ 'ಇದೇನು ಹೇಳು, ಇದೇನು ಹೇಳು' ಅಂತ ನೇರ ಮೂರನೇ ಹಂತಕ್ಕೆ ಹಾರುವುದು ನಮ್ಮ ಮನೆಗಳ ಅಭ್ಯಾಸ. ಮಗು ಅಮ್ಮನ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುವುದು ಅದಕ್ಕೇ.

ಇಷ್ಟ ಬಂದದ್ದು ಮಾಡಲು ಬಿಟ್ಟರೆ ಶಿಸ್ತು ಹೇಗೆ ಬರುತ್ತೆ?

ಇಷ್ಟ ಬಂದ ಕೆಲಸ ಆರಿಸಬಹುದು, ಇಷ್ಟ ಬಂದ ಹಾಗೆ ನಡೆದುಕೊಳ್ಳುವಂತಿಲ್ಲ. ಇನ್ನೊಬ್ಬರ ಮ್ಯಾಟ್ ತುಳಿಯುವಂತಿಲ್ಲ. ಇನ್ನೊಬ್ಬರ ಕೆಲಸ ಮುಟ್ಟುವಂತಿಲ್ಲ. ಪ್ರತಿ ಪರಿಕರವೂ ಒಂದೊಂದೇ ಇರುತ್ತದೆ, ಬೇಕೆಂದೇ. ಅದು ಬೇಕಾದವರು ಕಾಯಬೇಕು. ನಾಲ್ಕು ವರ್ಷದವನು ಗೋಪುರ ಖಾಲಿಯಾಗಲೆಂದು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತು ಕಾಯುವುದನ್ನು ಒಮ್ಮೆ ಬಂದು ನೋಡಿ. ಬಸ್‌ಸ್ಟ್ಯಾಂಡಿನಲ್ಲಿ ನಾವು ದೊಡ್ಡವರು ಹಾಗೆ ನಿಲ್ಲುವುದಿಲ್ಲ. ಹೊಡೆಯುವ, ಎಸೆಯುವ ಮಗುವನ್ನು ತಡೆಯುತ್ತೇವೆ, ತಕ್ಷಣ. ಕೈ ಕಟ್ಟಿಕೊಂಡು ನೋಡುವುದು ಕೆಲಸ ಮಾಡುತ್ತಿರುವ ಮಗುವನ್ನು ಮಾತ್ರ.

ಚಿಕ್ಕವರು, ದೊಡ್ಡವರು ಒಟ್ಟಿಗಿದ್ದರೆ ದೊಡ್ಡವರಿಗೆ ನಷ್ಟ ಅಲ್ವಾ?

ಕೂಡುಕುಟುಂಬದಲ್ಲಿ ಬೆಳೆದವರು ಈ ಪ್ರಶ್ನೆ ಕೇಳುವುದಿಲ್ಲ. ಚಿಕ್ಕವರು ನೋಡಿ ಕಲಿಯುತ್ತಾರೆ, ದೊಡ್ಡವರು ಹೇಳಿಕೊಟ್ಟು ಗಟ್ಟಿ ಮಾಡಿಕೊಳ್ಳುತ್ತಾರೆ. ನಷ್ಟ ಆಗುವುದು ಮೂರನೇ ವರ್ಷಕ್ಕೆ ಮಗುವನ್ನು ಬಿಡಿಸಿಕೊಂಡು ಹೋದಾಗ. ಎರಡು ವರ್ಷ 'ಚಿಕ್ಕವನು' ಆಗಿದ್ದು, 'ಅಣ್ಣ' ಆಗುವ ಹೊತ್ತಿಗೆ ಎದ್ದು ಹೊರಟಂತೆ ಅದು.

ಓದು-ಬರಹ ಯಾವಾಗ? ಕನ್ನಡ ಕಲಿಸುತ್ತೀರಾ?

ನಮ್ಮಲ್ಲಿ ಬರಹ ಓದಿಗಿಂತ ಮೊದಲು ಬರುತ್ತದೆ. ಮೊದಲು ಉಪ್ಪುಕಾಗದದ ಅಕ್ಷರಗಳು. ಮರಳುಕಾಗದ ಅಂತಲೂ ಅನ್ನುತ್ತಾರೆ. ಮಗು ಎರಡು ಬೆರಳಿನಿಂದ ಅಕ್ಷರದ ಮೇಲೆ ಸವರುತ್ತ ಅದರ ಧ್ವನಿ ಹೇಳುತ್ತದೆ. ಕಣ್ಣು, ಕಿವಿ, ಬೆರಳು ಮೂರಕ್ಕೂ ಅಕ್ಷರ ಒಟ್ಟಿಗೇ ಸಿಗುತ್ತದೆ. ಅಜ್ಜಂದಿರ ಕಾಲದಲ್ಲಿ ಮರಳ ಮೇಲೆ, ಅಕ್ಕಿಯ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರಲ್ಲ, ಅದಕ್ಕೆ ಇದು ದೂರದ ನೆಂಟ.

ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ತಕರಾರಿದೆ. ಹೆಸರೇ ಬೇರೆ, ಧ್ವನಿಯೇ ಬೇರೆ. 'ಡಬ್ಲ್ಯೂ' ಅಂತ ಕಲಿತ ಮಗುವಿಗೆ ಅದರಲ್ಲಿ 'ವ' ಕೇಳಿಸುವುದಾದರೂ ಹೇಗೆ? ಅದಕ್ಕೇ ಅಲ್ಲಿ ಹೆಸರು ಬಿಟ್ಟು ಧ್ವನಿ ಮಾತ್ರ ಹೇಳಿಕೊಡುತ್ತೇವೆ. ಕನ್ನಡದಲ್ಲಿ ಆ ಗೋಳಿಲ್ಲ, 'ಗ'ದ ಹೆಸರೂ ಗ, ಧ್ವನಿಯೂ ಗ. ಹಾಗಾಗಿ ಗರಗಸ, ಬಸವ, ಕಮಲ ಇವನ್ನೆಲ್ಲ ಬಿಡಿ ಅಕ್ಷರಗಳ ಪೆಟ್ಟಿಗೆಯಿಂದ ನಾಲ್ಕು ವರ್ಷದವರು ಸಲೀಸಾಗಿ ಜೋಡಿಸುತ್ತಾರೆ. ಕಷ್ಟ ಶುರುವಾಗುವುದು ಕಾಗುಣಿತ, ಒತ್ತಕ್ಷರಗಳಿಂದ. ರೋಮನ್ ಲಿಪಿಗೆಂದು ಮಾಡಿದ ಪೆಟ್ಟಿಗೆಯಲ್ಲಿ ಅವಕ್ಕೆ ಜಾಗವೇ ಇಲ್ಲ. ಗುಣಿತದ ಚಿಹ್ನೆಗಳನ್ನೂ ಒತ್ತುಗಳನ್ನೂ ನಾವೇ ಬೇರೆ ಬಣ್ಣದ ಕಾಗದದಲ್ಲಿ ಕತ್ತರಿಸಿ ಸೇರಿಸಿಕೊಂಡಿದ್ದೇವೆ.

ಒತ್ತಕ್ಷರ ಇನ್ನೂ ಮುಟ್ಟದ ಒಬ್ಬಳು ಒಂದು ದಿನ ಮ್ಯಾಟ್ ಮೇಲೆ 'ಅಮಮ' ಅಂತ ಜೋಡಿಸಿ, ಎರಡನೇ 'ಮ'ವನ್ನು ಮೊದಲನೆಯದಕ್ಕೆ ಅಂಟಿಸಿ ಇಟ್ಟಿದ್ದಳು. 'ಏನು ಬರೆದೆ?' ಅಂದೆ. 'ಅಮ್ಮ. ಎರಡು ಮ ಅಪ್ಪಿಕೊಂಡಿವೆ' ಅಂದಳು. ತಿದ್ದಲು ಎದ್ದ ಕೈಯನ್ನು ನಾನು ಹಿಂದಕ್ಕೆ ತಗೊಂಡೆ. ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಯಾವ ಪಠ್ಯಪುಸ್ತಕದಲ್ಲೂ ನಾನು ಓದಿಲ್ಲ. ಈಗ ಎಲ್ಲ ಮಕ್ಕಳಿಗೂ ಹಾಗೇ ಹೇಳುತ್ತೇನೆ.

ಮನೆಭಾಷೆ ಕನ್ನಡವಾಗಿದ್ದರೆ ಕನ್ನಡದಿಂದಲೇ ಶುರು ಮಾಡಿ ಅನ್ನುವುದು ನನ್ನ ಸಲಹೆ. ಹತ್ತರಲ್ಲಿ ಎಂಟು ಮನೆಯವರು ಒಪ್ಪುವುದಿಲ್ಲ, ಅದೂ ಗೊತ್ತಿದೆ.

ಗಣಿತ?

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಲಾಟರಿ ಹೊಡೆದಿದೆ, ಅದು ನಮಗೇ ಗೊತ್ತಿಲ್ಲ. ಹನ್ನೊಂದು ಅಂದರೆ ಹತ್ತು ಮತ್ತು ಒಂದು, ಹದಿಮೂರು ಅಂದರೆ ಹತ್ತು ಮತ್ತು ಮೂರು, ಮೂವತ್ತು ಅಂದರೆ ಮೂರು ಹತ್ತು, ಐವತ್ತು ಅಂದರೆ ಐದು ಹತ್ತು. ಪದದೊಳಗೇ ಲೆಕ್ಕ ಕೂತಿದೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಹತ್ತನ್ನು ಬಚ್ಚಿಟ್ಟುಕೊಂಡಿವೆ. ನಮ್ಮಲ್ಲಿ ತೊಂಬತ್ತು ಒಂದು ಸ್ವಲ್ಪ ಹಠ ಮಾಡುತ್ತದೆ, ಬಿಟ್ಟರೆ ಎಲ್ಲ ಸುಸೂತ್ರ.

ಚಿನ್ನದ ಬಣ್ಣದ ಮಣಿಗಳಲ್ಲಿ ಇದೇ ಕೈಗೆ ಸಿಗುತ್ತದೆ. ಬಿಡಿ ಮಣಿ ಒಂದು. ಹತ್ತು ಮಣಿ ಪೋಣಿಸಿದ ಸರಳು ಹತ್ತು. ಹತ್ತು ಸರಳು ಸೇರಿದ ಚೌಕ ನೂರು. ಹತ್ತು ಚೌಕದ ಘನ ಸಾವಿರ. ಸಾವಿರವನ್ನು ಎರಡು ಕೈಯಲ್ಲಿ ಹೊತ್ತು ತಂದ ಮಗುವಿಗೆ ಸಾವಿರ ಅಂದರೆ ಭಾರ. ನಾಲ್ಕು ಅಂಕಿಯ ಕೂಡುವ ಲೆಕ್ಕವನ್ನು ಐದು ವರ್ಷದವರು ಮಣಿ ಸುರಿದು, ಹತ್ತಾದಾಗ ಸರಳಿಗೆ ಬದಲಾಯಿಸಿಕೊಂಡು ಮಾಡುತ್ತಾರೆ. 'ದಶಕ ಮೇಲೆ ಇಟ್ಟುಕೋ' ಅಂತ ಯಾರೂ ಹೇಳಿರುವುದಿಲ್ಲ. ಸೊನ್ನೆಗೂ ಜಾಗವಿದೆ. ಕಡ್ಡಿಗಳ ಪೆಟ್ಟಿಗೆಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಗೂಡು, ಕಡ್ಡಿ ಒಟ್ಟು 45. ಸರಿಯಾಗಿ ಹಾಕಿದರೆ ಸೊನ್ನೆಯ ಗೂಡು ಖಾಲಿ. ಆ ಖಾಲಿ ಗೂಡು ನೋಡಿ ಮಕ್ಕಳು ನಗುವುದು ಯಾಕೋ ನನಗಿನ್ನೂ ಅರ್ಥವಾಗಿಲ್ಲ.

ಸ್ಟಾರ್, ಬಹುಮಾನ, ಪರೀಕ್ಷೆ?

ಇಲ್ಲ, ಇಲ್ಲ, ಇಲ್ಲ. ಆಂಟಿ ನೋಡಿ ಬರೆದುಕೊಂಡ ಟಿಪ್ಪಣಿ ಇರುತ್ತದೆ, ಅದನ್ನು ಕೇಳಿ ನೋಡಬಹುದು.

ಆಟ, ಕತೆ, ಕಲ್ಪನೆಗೆ ಜಾಗ ಕಡಿಮೆ ಅಂತಾರಲ್ಲ?

ಈ ಟೀಕೆಯಲ್ಲಿ ಹುರುಳಿದೆ. ಚಿಕ್ಕ ಮಕ್ಕಳಿಗೆ ಮೊದಲು ನಿಜದ ಲೋಕ, ಆಮೇಲೆ ಕಲ್ಪನೆಯ ಲೋಕ ಎಂಬುದು ಮಾಂಟೆಸ್ಸರಿಯವರ ನಿಲುವು. ಕಂದು ಮೆಟ್ಟಿಲನ್ನು ರೈಲು ಮಾಡಿ ಓಡಿಸಿದರೆ ಕಟ್ಟುನಿಟ್ಟಿನ ಆಂಟಿ ಮೆಲ್ಲಗೆ ಎತ್ತಿಡಲು ಹೇಳುತ್ತಾರೆ. ನಾನು ಹೇಳುತ್ತೇನಾ? ಮಕ್ಕಳನ್ನು ನೋಡಿಕೊಂಡು. ಅಜ್ಜಿಕತೆ, ಹಾಡು, ಕುಂಟೆಬಿಲ್ಲೆ, ಮಣ್ಣಾಟಗಳನ್ನು ಬಿಟ್ಟು ಮಗುವನ್ನು ಬೆಳೆಸುವುದು ನನಗಂತೂ ಆಗದ ಮಾತು. ನಮ್ಮ ಮಧ್ಯಾಹ್ನಗಳು ಅದಕ್ಕೇ ಮೀಸಲು. ಇಷ್ಟಕ್ಕೂ ಮನೆಯಲ್ಲಿ ಕತೆ ಹೇಳುವ ಅಜ್ಜಿ ಇದ್ದರೆ ಆ ಕೆಲಸ ನನಗಿಂತ ಅವರೇ ಚೆನ್ನಾಗಿ ಮಾಡುತ್ತಾರೆ.

ಸಂಶೋಧನೆ ಏನು ಹೇಳುತ್ತದೆ? ಬರೀ ನಂಬಿಕೆಯಾ?

ಅಧ್ಯಯನಗಳಿವೆ, ಹೆಚ್ಚಿನವು ಅಮೆರಿಕದವು. ತೊಡಕು ಏನೆಂದರೆ, ಮಾಂಟೆಸ್ಸರಿ ಹುಡುಕಿಕೊಂಡು ಹೋಗುವ ಮನೆಗಳೇ ಬೇರೆ ಥರ ಇರುತ್ತವೆ. ಮಗು ಚೆನ್ನಾಗಿದ್ದರೆ ಅದು ಶಾಲೆಯಿಂದಲೋ ಮನೆಯಿಂದಲೋ ಹೇಳುವುದು ಕಷ್ಟ. ಅದಕ್ಕೇ ಲಾಟರಿ ಎತ್ತಿ ಸೀಟು ಕೊಡುವ ಸರ್ಕಾರಿ ಮಾಂಟೆಸ್ಸರಿ ಶಾಲೆಗಳನ್ನು ಆಂಜೆಲಿನ್ ಲಿಲ್ಲಾರ್ಡ್ ಎಂಬ ಮನಶ್ಶಾಸ್ತ್ರಜ್ಞೆ ಆರಿಸಿಕೊಂಡರು. ಸೀಟು ಸಿಕ್ಕವರನ್ನೂ ಅರ್ಜಿ ಹಾಕಿ ಸಿಗದವರನ್ನೂ ಹೋಲಿಸಿದರು. 2006ರಲ್ಲಿ ಮಿಲ್ವಾಕಿ ನಗರದ ಅಧ್ಯಯನದಲ್ಲಿ ಐದು ವರ್ಷದವರು ಓದು, ಲೆಕ್ಕ, ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳುವುದರಲ್ಲಿ ಮುಂದಿದ್ದರು. 2017ರಲ್ಲಿ ಹಾರ್ಟ್‌ಫರ್ಡ್‌ನ 141 ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಬಡ ಮನೆಯ ಮಕ್ಕಳಿಗೂ ಅನುಕೂಲಸ್ಥರ ಮಕ್ಕಳಿಗೂ ಕಲಿಕೆಯಲ್ಲಿದ್ದ ಅಂತರ ಕಡಿಮೆಯಾಗುತ್ತ ಹೋಯಿತು.

ನನಗೆ ಮುಖ್ಯ ಅನಿಸಿದ್ದು ಅವರದೇ 2012ರ ಇನ್ನೊಂದು. ಮೂಲ ಪದ್ಧತಿಯನ್ನು ಹಾಗೇ ಪಾಲಿಸಿದ ತರಗತಿಗಳ ಮಕ್ಕಳು, ಅದಕ್ಕೆ ವರ್ಕ್‌ಶೀಟು ಮತ್ತಿತರ ಸಾಮಾನು ಬೆರೆಸಿದ ತರಗತಿಗಳ ಮಕ್ಕಳಿಗಿಂತ ಹೆಚ್ಚು ಮುಂದೆ ಹೋದರು. 'ನಾವು ಮಾಂಟೆಸ್ಸರಿನೂ ಮಾಡ್ತೀವಿ, ವರ್ಕ್‌ಶೀಟೂ ಕೊಡ್ತೀವಿ' ಅನ್ನುವ ಶಾಲೆಗೆ ಹೋಗುವ ಮುನ್ನ ಇದು ತಲೆಯಲ್ಲಿರಲಿ.

ಆಮೇಲೆ ಮಾಮೂಲಿ ಶಾಲೆಯ ಒಂದನೇ ಕ್ಲಾಸಿಗೆ ಹೊಂದಿಕೊಳ್ಳುತ್ತಾ?

ಕಲಿಕೆಯಲ್ಲಿ ತೊಂದರೆಯಿಲ್ಲ. ಬೆಂಚಿನ ಮೇಲೆ ಐದು ಗಂಟೆ ಕೂರುವುದು, ಬಾತ್‌ರೂಮಿಗೆ ಕೈ ಎತ್ತಿ ಕೇಳುವುದು ಮೊದಲ ತಿಂಗಳು ಕಷ್ಟ. ಜುಲೈ ಹೊತ್ತಿಗೆ ಸರಿಹೋಗುತ್ತದೆ. ವಯಸ್ಸಿನ ವಿಷಯಕ್ಕೆ ಬಂದರೆ, ರಾಜ್ಯ ಪಠ್ಯಕ್ರಮದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ನಿಯಮ ಬಂತು. 2025-26ರ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ನೀವು ಸೇರಿಸುವ ವರ್ಷದ ಸುತ್ತೋಲೆ ನೋಡಿಕೊಳ್ಳಿ. ಮಗುವಿನ ವಯಸ್ಸು ಕಡಿಮೆ ಬಿದ್ದರೆ ಅಳಬೇಡಿ, ನಮ್ಮಲ್ಲಿ ಇನ್ನೊಂದು ವರ್ಷ 'ಅಣ್ಣ' ಆಗಿರಲಿ.

ಯಾವ ವಯಸ್ಸಿಗೆ ಸೇರಿಸಬೇಕು?

ಎರಡೂವರೆ-ಮೂರಕ್ಕೆ. ಐದಕ್ಕೆ ತಂದು ಸೇರಿಸಿದರೆ ನೀರು ಸುರಿಯುವ ಆಸೆಯೂ ತೀರಿರುತ್ತದೆ, ಮಣಿ ಎಣಿಸುವ ತಾಳ್ಮೆಯೂ ಬಂದಿರುವುದಿಲ್ಲ. ಮೊದಲ ವಾರ ಅಳುತ್ತಾರೆ. ಬಿಟ್ಟು ಹೋಗುವಾಗ 'ಹೋಗಿಬರ್ತೀನಿ, ಊಟಕ್ಕೆ ಮೊದಲು ಬರ್ತೀನಿ' ಅಂತ ಹೇಳಿ ಹೋಗಿ. ಕಣ್ತಪ್ಪಿಸಿ ಓಡಿಹೋಗಬೇಡಿ. ಅಳು ಒಂದು ವಾರ ಹೆಚ್ಚಾಗುವುದು ಅದರಿಂದಲೇ.

ಇದು ದುಡ್ಡಿದ್ದವರಿಗೆ ಮಾತ್ರವಾ?

ಕೂಲಿಕಾರರ ಮಕ್ಕಳಿಗೆಂದು ಹುಟ್ಟಿದ್ದು ಹೇಗೆ ಕಾರಿನಲ್ಲಿ ಬರುವವರದ್ದಾಯಿತು ಅನ್ನುವುದು ನಾಚಿಕೆಯ ಕತೆ. ಆಮದು ಮಟ್ಟದ ಪರಿಕರ, ನಗರದ ಬಾಡಿಗೆ, 'ಇಂಟರ್‌ನ್ಯಾಷನಲ್' ಎಂಬ ಬಾಲ, ಹೀಗೆ ಒಂದೊಂದಾಗಿ ಸೇರಿತು. ಇದಕ್ಕೆ ಎದುರಾಗಿ ನಡೆದವರೂ ಇದ್ದಾರೆ. ಗಿಜುಭಾಯಿ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿಗೆ ಹೋಗಿ, ಹಳ್ಳಿಯ ಮತ್ತು ಆದಿವಾಸಿ ಮಕ್ಕಳಿಗೆ ಶಾಲೆಯನ್ನೇ ಅಂಗಳಕ್ಕೆ ಒಯ್ದರು. ಕಪ್ಪೆಚಿಪ್ಪು, ಬೀಜ, ಎಲೆಗಳೇ ಪರಿಕರ. ಅಂಗಳದ ವಾಡಿ, ಅಂಗನವಾಡಿ ಎಂಬ ಮಾತು ಅವರ ಕಡೆಯಿಂದಲೇ ಬಂದದ್ದು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಕೇಂದ್ರದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದಾಗ ನಮ್ಮ ರಾಜ್ಯದ ಮೊದಲ ತಾಲ್ಲೂಕು ತಿ. ನರಸೀಪುರ.

2024ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ಕೆಲವು ಅಂಗನವಾಡಿಗಳನ್ನು 'ಸರ್ಕಾರಿ ಮಾಂಟೆಸ್ಸರಿ' ಹೆಸರಿನಲ್ಲಿ ಮೇಲ್ದರ್ಜೆಗೇರಿಸಲು ಹೊರಟಿತು. ಹೆಸರಿನ ಬೋರ್ಡಿನ ಬಗ್ಗೆ ಮೇಲೆ ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ. ಗರ್ಭಿಣಿಯರ ಲೆಕ್ಕ, ಮೊಟ್ಟೆಯ ಲೆಕ್ಕ, ಸಮೀಕ್ಷೆ ಎಲ್ಲ ಒಬ್ಬರ ತಲೆ ಮೇಲೆ ಹೊರಿಸಿ, ಮಗುವಿನ ಪಕ್ಕ ಸುಮ್ಮನೆ ಕೂರು ಅಂದರೆ ಆ ಕಾರ್ಯಕರ್ತೆ ಕೂರುವುದು ಯಾವಾಗ? ಇದೇ ದಾರಿಯಲ್ಲಿ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯನ್ನೂ ನೋಡಿ. 1995ರಲ್ಲಿ ಎಚ್. ಡಿ. ಕೋಟೆಯಲ್ಲಿ ಶುರುವಾದದ್ದು. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ, ತಮ್ಮ ವೇಗಕ್ಕೆ ತಕ್ಕ ಮೆಟ್ಟಿಲು. ಮಾಂಟೆಸ್ಸರಿ ಅಲ್ಲ, ಆದರೆ ಚೆನ್ನಾಗಿ ನಡೆಯುವ ನಲಿ-ಕಲಿ ತರಗತಿ ಹಲವು ದುಬಾರಿ 'ಮಾಂಟೆಸ್ಸರಿ'ಗಳಿಗಿಂತ ಅದಕ್ಕೆ ಹತ್ತಿರ.

ಮನೆಯಲ್ಲಿ ಏನು ಮಾಡಬಹುದು? ಯಾವ ಕಿಟ್ ತರಿಸಲಿ?

ಕಿಟ್ ಬೇಡ. ಚನ್ನಪಟ್ಟಣದ ಒಂದೆರಡು ಮರದ ಆಟಿಕೆ ಬೇಕಾದರೆ ತನ್ನಿ, ಅರಗಿನ ಬಣ್ಣ, ಬಾಯಿಗೆ ಹಾಕಿದರೂ ಭಯವಿಲ್ಲ. ಉಳಿದದ್ದು ಅಡುಗೆಮನೆಯಲ್ಲೇ ಇದೆ.

ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ತರುತ್ತೀರಲ್ಲ, ಬಿಡಿಸಲು ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಕಾಳು ನೆನೆಸಿಟ್ಟು ಹಿತಕಿದ ಬೇಳೆ ಮಾಡುವಾಗ ನೋಡಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಗೋಡೆಗೆ ಹೋಗಿ ಬೀಳುತ್ತದೆ. ಎಷ್ಟು ಒತ್ತಬೇಕು ಅನ್ನುವುದನ್ನು ಬೆರಳು ತಾನೇ ಕಲಿಯುತ್ತದೆ. ಇದಕ್ಕಿಂತ ಒಳ್ಳೆಯ ಬೆರಳ ಅಭ್ಯಾಸದ ಪರಿಕರವನ್ನು ಯಾವ ಕಂಪನಿಯೂ ಮಾಡಿಲ್ಲ. ಬೆಳ್ಳುಳ್ಳಿ ಸುಲಿಯುವುದು, ಕರಿಬೇವು ಬಿಡಿಸುವುದು, ಒಗೆದ ಕರವಸ್ತ್ರ ಮಡಿಸುವುದು, ಚಪ್ಪಲಿ ಜೋಡಿಸುವುದು. ರಂಗೋಲಿಯ ಚುಕ್ಕಿ ಇಡುವುದು, ನೆಟ್ಟಗೆ ಬರದಿದ್ದರೂ.

ಇಡುವ ಜಾಗ ಕೆಳಗಿರಲಿ. ಮಗುವಿನ ತಟ್ಟೆ-ಲೋಟ ಕೈಗೆ ಸಿಗುವ ಗೂಡಿನಲ್ಲಿ, ಬಟ್ಟೆ ಎಟಕುವ ಮೊಳೆಗೆ. ಹತ್ತು ನಿಮಿಷದ ಕೆಲಸ ನಲವತ್ತು ನಿಮಿಷವಾಗುತ್ತದೆ, ಹಾಗಾಗಿ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಈ ಪ್ರಯೋಗ ಬೇಡ, ಭಾನುವಾರ ಮಾಡಿ. ಮಗು ಮಡಿಸಿಟ್ಟ ಬಟ್ಟೆಯನ್ನು ಅದು ನೋಡುತ್ತಿರುವಾಗಲೇ ಬಿಚ್ಚಿ ಮತ್ತೆ ಮಡಿಸಬೇಡಿ. ಅಜ್ಜಿಯರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ, ನೀವೇ ಹೇಳಿಕೊಳ್ಳಿ.

'ಇವತ್ತು ಏನು ಮಾಡಿದೆ?' ಅಂದರೆ 'ಏನಿಲ್ಲ' ಅಂತಾನೆ. ನಿಜವಾಗಲೂ ಏನೂ ಮಾಡಿಲ್ವಾ?

ಮಾಡಿರುತ್ತಾನೆ. ಕೈಯಲ್ಲಿ ಮಾಡಿದ್ದಕ್ಕೆ ಅವನ ಬಳಿ ಇನ್ನೂ ಮಾತಿಲ್ಲ, ತೋರಿಸಲು ನೋಟ್‌ಬುಕ್ಕೂ ಇಲ್ಲ. ಕೇಳುವುದು ಬಿಟ್ಟು ನೋಡುತ್ತಿರಿ. ಈ ಪ್ರಶ್ನೆ ಕೇಳಿಹೋಗಿದ್ದ ಒಬ್ಬ ಅಪ್ಪ ಮೊನ್ನೆ ಫೋನ್ ಮಾಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಮಗ ಮಜ್ಜಿಗೆ ಚೊಂಬು ಕೇಳಿ ತಗೊಂಡು, ಎರಡೂ ಕೈಯಲ್ಲಿ ಹಿಡಿದು ಎಲ್ಲರ ಲೋಟಕ್ಕೂ ಬಗ್ಗಿಸಿದನಂತೆ. ತಾತನ ಲೋಟ ಆದಮೇಲೆ ಚೊಂಬಿನ ಅಂಚಿಗೆ ಅಂಟಿದ ಕೊನೆಯ ಹನಿಯನ್ನು ಬಟ್ಟೆಯ ತುದಿಯಿಂದ ಒತ್ತಿ ತೆಗೆದನಂತೆ. 'ಅದನ್ನ ಮನೇಲಿ ಯಾರೂ ಹೇಳಿಕೊಟ್ಟಿಲ್ಲ ಮೇಡಂ' ಅಂದರು.